ಬೇವು ಸತ್ತಿದೆ, ಫೈಲು ಚಿಗುರಿದೆ

ದಾವಣಗೆರೆಯ ನಮ್ಮ ಮನೆ ಕಾಂಪೌಂಡಿನ ಬೇವು ಹೋದ ಕಾರ್ತಿಕದಲ್ಲಿ ತೀರಿಕೊಂಡಿತು. ಎಲೆ ಉದುರಿತು, ತೊಗಟೆ ಬಿಟ್ಟುಕೊಂಡಿತು, ಕಾಗೆ ಕೂಡ ಕೂರೋದು ಬಿಟ್ಟಿತು. ಒಂದು ಕೊಂಬೆ ನಾವು ಮಲಗೋ ರೂಮಿನ ಮೇಲಿದೆ, ಇನ್ನೊಂದು ರಸ್ತೆ ಮೇಲೆ. ಕಡಿಸೋಣ ಅಂತ ಮರ ಕಡಿಯುವವನನ್ನು ಕರೆದೆ. ಕೊಡಲಿ ಕೆಳಗಿಡದೆಯೇ ಕೇಳಿದ: "ಪರ್ಮಿಷನ್ ಐತೇನ್ರೀ?"

ಅವನು ಹೇಳಿದ್ದು ಸರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಜಾಗ, ನಮ್ಮ ಮರ ಆದರೂ ಟ್ರೀ ಆಫೀಸರ್ ಒಪ್ಪಿಗೆ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಬಳ್ಳಾರಿ ಜಾಲಿಗೆಲ್ಲ ವಿನಾಯಿತಿ ಇದೆ. ಬೇವಿಗಿಲ್ಲ. ಕಾಯ್ದೆ ಒಳ್ಳೆಯದೇ. ನಮ್ಮೂರಿನ ಏಪ್ರಿಲ್ ಬಿಸಿಲು ಕಂಡವರು ಯಾರೂ ಬೇಡ ಅನ್ನಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅರ್ಜಿ ಹಿಡಿದು ಹೊರಟೆ. ಒಂದು ಕಚೇರಿಯಲ್ಲಿ, "ಬುಡ ಎಲ್ಲಿದೆ? ಒಳಗಾ? ಹಾಗಾದ್ರೆ ನಮ್ಮದಲ್ಲ" ಅಂದರು. ಇನ್ನೊಂದರಲ್ಲಿ, "ಕೊಂಬೆ ಹೊರಗಿದೆಯಲ್ವಾ? ಅವರ ಲೆಟರ್ ತನ್ನಿ" ಅಂದರು. ಎರಡರ ನಡುವೆ ಓಡಾಡಿ ನನ್ನ ಚಪ್ಪಲಿಯೂ ಬೇವಿನ ದಾರಿ ಹಿಡಿಯಿತು.

ಕೊನೆಗೆ ಸ್ಥಳ ಪರಿಶೀಲನೆಗೆ ಒಬ್ಬರು ಬಂದರು. "ಸಾರ್, ಸತ್ತ ಮರಕ್ಕೆ ಇಲ್ಲ ಅನ್ನೋ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ" ಅಂದೆ. ಅವರು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಉಗುರಲ್ಲಿ ತೊಗಟೆ ಕೆರೆದು ನೋಡಿದರು. "ಸತ್ತಿದೆ ಅಂತ ಹೇಗೆ ಹೇಳ್ತೀರಿ? ಈಗ ಎಲ್ಲಾ ಮರದ್ದೂ ಎಲೆ ಉದುರುತ್ತೆ. ಯುಗಾದಿವರೆಗೂ ನೋಡೋಣ, ಚಿಗುರಿದರೆ?" ಅಂದರು.

ಅವರು ಹೀಗೆ ಹೇಳುವಾಗ ಎದುರು ರಸ್ತೆಯಲ್ಲಿ ಒಂದು ಹೊಂಗೆ ಮರ ಇತ್ತು. ಸೊಂಪಾದ ಮರ. ಅದರ ತಪ್ಪು ಒಂದೇ, ಹೊಸ ಅಂಗಡಿಯ ಬೋರ್ಡಿಗೆ ಅಡ್ಡ ನಿಂತಿತ್ತು. ಮುಂದಿನ ಭಾನುವಾರ ಮಂಡಕ್ಕಿ ಒಗ್ಗರಣೆ ತರೋಕೆ ಅಂತ ಹೊರಟಾಗ ನೋಡಿದರೆ ಮರ ಇಲ್ಲ. ಬುಡದ ಮೇಲೆ ಆಗಲೇ ಟೈಲ್ಸ್ ಕೂರಿಸುತ್ತಿದ್ದರು. ಗರಗಸದ ಪುಡಿ ಮಾತ್ರ ಚರಂಡಿ ಪಕ್ಕ ಬಿದ್ದಿತ್ತು, ಇನ್ನೂ ಹಸಿ. ಕಚೇರಿಗೆ ಹೋಗಿ ಹೇಳಿದೆ. "ಯಾವ ಮರ? ಅಲ್ಲಿ ಮರ ಎಲ್ಲಿದೆ? ಇಲ್ಲದ ಮರಕ್ಕೆ ಮಹಜರ್ ಹೇಗೆ ಮಾಡೋದು?" ಅಂದರು. ತಪ್ಪೇನಿಲ್ಲ, ಮರ ನಿಜಕ್ಕೂ ಇರಲಿಲ್ಲ.

ಹಾಗೇ ಇನ್ನೊಂದು ನಿಯಮ ಇದೆ: 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕೇಳಬೇಕು. ಅದಕ್ಕೇ ರಸ್ತೆ ಅಗಲ ಮಾಡುವವರು 50ಕ್ಕೆ ಎಣಿಕೆ ನಿಲ್ಲಿಸಿ, ಟೀ ಕುಡಿದು, ಮತ್ತೆ ಒಂದರಿಂದ ಶುರು ಮಾಡ್ತಾರೆ ಅಂತ ನನಗೆ ಗುಮಾನಿ.

ಯುಗಾದಿ ಬಂತು. ನಮ್ಮ ಬೇವು ಚಿಗುರಲಿಲ್ಲ. ಬೇವು-ಬೆಲ್ಲಕ್ಕೆ ಪಕ್ಕದ ಮನೆಯಿಂದ ಸೊಪ್ಪು ತಂದೆವು. ಈ ಸಾಕ್ಷಿಯನ್ನೂ ಬರೆದು ಅರ್ಜಿಗೆ ಲಗತ್ತಿಸಿದೆ. ಅವರು ಮತ್ತೆ ಬರುವಷ್ಟರಲ್ಲಿ ಮಳೆಗಾಲ. ಅಷ್ಟರಲ್ಲಿ ಮನೆಯಾಕೆ ಬುಡದಲ್ಲಿ ಊರಿದ್ದ ತೊಂಡೆ ಬಳ್ಳಿ ಸತ್ತ ಬೇವಿನ ಮೈತುಂಬಾ ಹಬ್ಬಿತ್ತು.

ಅವರು ಸ್ಕೂಟರಿನಿಂದ ಇಳಿಯಲೂ ಇಲ್ಲ. ಗೇಟಿನಿಂದಲೇ ತಲೆಯೆತ್ತಿ ನೋಡಿ ಬರೆದುಕೊಂಡರು: "ಮರ ಹಸಿರಾಗಿದೆ."

"ಸಾರ್, ಅದು ತೊಂಡೆ."

"ಇರಬಹುದು. ಫೋಟೋದಲ್ಲಿ ಹಸಿರೇ ಕಾಣುತ್ತೆ."

ಈಗ ಮನೆಯಾಕೆ ಪಲ್ಯಕ್ಕೆ ತೊಂಡೆಕಾಯಿ ಕೀಳೋಕೂ ಹೆದರುತ್ತಿದ್ದಾಳೆ. ಅದಕ್ಕೂ ಒಪ್ಪಿಗೆ ಬೇಕಾ ಅಂತ ನಾನು ಕಾಯ್ದೆ ತಿರುವಿ ಹಾಕ್ತಾ ಇದ್ದೇನೆ.