ಹಾಡನ್ನು ಮಧ್ಯದಿಂದ ಹಾಕಬೇಡಿ

ನಿನ್ನೆ ರಾತ್ರಿ ಗೆಳೆಯನ ಮನೆಯಲ್ಲಿ ಆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಊಟ ಮುಗಿದಿತ್ತು. ಒಬ್ಬರು ಟೀವಿಯಲ್ಲಿ ಸ್ನಾರ್ಕಿ ಪಪ್ಪಿ ಅನ್ನುವ ಅಮೆರಿಕದ ಜಾಝ್ ತಂಡದ 'ಲಿಂಗಸ್' ಹಾಡು ಹಾಕಿದರು. ನಾನು ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತೆ. ಹತ್ತು ಸೆಕೆಂಡೂ ಆಗಿರಲಿಲ್ಲ, "ಮಜಾ ಇರೋದು ಮುಂದೆ" ಅಂತ ನೇರ ಕೋರಿ ಹೆನ್ರಿಯ ಕೀಬೋರ್ಡ್ ಸೋಲೋಗೆ ಓಡಿಸಿದರು. ಸೋಲೋ ಮುಗಿಯಿತು. ಎಲ್ಲರೂ "ಅಬ್ಬಾ" ಅಂದರು. ಟೀವಿ ಬಂದ್. ಹಾಡು ಇನ್ನೂ ಬಾಕಿ ಇತ್ತು!

ಹತ್ತು ನಿಮಿಷಕ್ಕೂ ಜಾಸ್ತಿ ಇರುವ ಹಾಡದು. ಐದರ ಲೆಕ್ಕದಲ್ಲಿ ಶುರುವಾಗುತ್ತದೆ. ನಮ್ಮ ಐದರ ತಾಳ ಖಂಡ ಚಾಪು ಹಾಕಿ ಬೆಳೆದ ಕೈಗೆ ತೊಡೆಯ ಮೇಲೆ ತಾನಾಗೇ ತಟ್ಟುವ ಆಸೆ ಬರುತ್ತದೆ. ಟ್ರಂಪೆಟ್, ಸ್ಯಾಕ್ಸೋಫೋನ್, ಗಿಟಾರ್, ತಂಡದ ನಾಯಕ ಮೈಕಲ್ ಲೀಗ್ ಅವರ ಬೇಸ್ ಗಿಟಾರ್ ಎಲ್ಲಾ ಸೇರಿ ಒಂದು ನೆಲ ಹಾಸುತ್ತವೆ. ಕೋರಿ ಆ ನೆಲದ ಮೇಲೆ ನಿಂತು ನುಡಿಸುತ್ತಾರೆ. ಮೊದಲು ಜಾಗ ಬಿಟ್ಟು ಬಿಟ್ಟು. ಆಮೇಲೆ ಒಂದೊಂದೇ ಮೆಟ್ಟಿಲು. ಡ್ರಮ್ಸ್ ಕೂಡ ಅವರ ಜೊತೆಗೇ ಹತ್ತುತ್ತದೆ. ಮುಂಚಿನ ನಾಲ್ಕು ನಿಮಿಷ ಕೇಳದೆ ಇದ್ದರೆ ಅವರು ಎಲ್ಲಿಂದ ಹೊರಟರು ಅನ್ನೋದೇ ಗೊತ್ತಾಗಲ್ಲ, ಅಲ್ವಾ?

ಆ ಡ್ರಮ್ಸ್ ನುಡಿಸಿದವರು ಕೆನಡಾದ ಲಾರ್ನೆಲ್ ಲೂಯಿಸ್. ಕೊನೇ ಗಳಿಗೆಯಲ್ಲಿ ಕರೆ ಬಂದು, ವಿಮಾನದಲ್ಲಿ ಕೂತೇ ಹಾಡುಗಳನ್ನು ಕಲಿತು ಬಂದವರು. ಕೋರಿಯನ್ನು ಎಷ್ಟು ಕಿವಿಗೊಟ್ಟು ಕೇಳಿದ್ದಾರೆ ಅಂದರೆ, ಅವರು ಎಲ್ಲಿ ಹೊಡೆಯದೆ ಸುಮ್ಮನಿದ್ದಾರೆ ಅಂತ ನೋಡಿಕೊಂಡೇ ಇಡೀ ಹಾಡು ಕೇಳಬಹುದು. ಈ ಸೋಲೋ ಮಾತ್ರ ಕತ್ತರಿಸಿ ಕ್ಲಿಪ್ ಹಂಚುವವರು ಅವರ ಹೆಸರನ್ನೂ ಹೇಳಲ್ಲ.

ಈ ಹಾಡಿರುವ 'ವಿ ಲೈಕ್ ಇಟ್ ಹಿಯರ್' ಆಲ್ಬಂ ರೆಕಾರ್ಡ್ ಆದದ್ದು 2013ರ ಅಕ್ಟೋಬರ್‌ನಲ್ಲಿ, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ. 2014ರಲ್ಲಿ ಹೊರಗೆ ಬಂತು. ದೊಡ್ಡ ವೇದಿಕೆ ಇಲ್ಲ. ಕೇಳುವವರು ನುಡಿಸುವವರ ಪಕ್ಕದಲ್ಲೇ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇದ್ದಾರೆ. ದೊಡ್ಡ ಸ್ಪೀಕರ್ ಇಟ್ಟರೆ ಅದರ ಸದ್ದು ಎಲ್ಲ ಮೈಕ್‌ಗೂ ನುಗ್ಗುತ್ತದೆ, ಅದಕ್ಕೇ ಈ ಏರ್ಪಾಡು. ಅಷ್ಟು ಜನ ಎದ್ದು ಹೋಗದೆ, ಮಾತಾಡದೆ ಕೇಳಿದ್ದಾರೆ. ಆ ಕೇಳುವಿಕೆಯೂ ರೆಕಾರ್ಡಿಂಗ್‌ನಲ್ಲಿ ಇದೆ ಅಂತಲೇ ನನ್ನ ನಂಬಿಕೆ. ನಾವು ಅದರಿಂದ ಎರಡು ನಿಮಿಷ ಕಿತ್ತುಕೊಂಡು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ.

"ಕ್ಲಿಪ್ ನೋಡಿಯಾದರೂ ಹೊಸಬರು ಬರ್ತಾರಲ್ಲ" ಅಂತ ನಿನ್ನೆಯೂ ಒಬ್ಬರು ಹೇಳಿದರು. ಬರಲಿ, ಸಂತೋಷ. ಆದರೆ ಆ ಕೋಣೆಯಲ್ಲಿದ್ದ ಆರು ಜನರಲ್ಲಿ ಒಬ್ಬರೂ ಪೂರ್ತಿ ಹಾಡು ಕೇಳಿರಲಿಲ್ಲ. ಕ್ಲಿಪ್‌ನಿಂದ ಇನ್ನೊಂದು ಕ್ಲಿಪ್‌ಗೆ ಹೋಗುತ್ತಾರೆ, ಅಷ್ಟೇ. ಟೈಮಿಲ್ಲ ಅನ್ನುವ ಮಾತನ್ನು ನಾನು ಒಪ್ಪಲ್ಲ. ಅದಾದ ಮೇಲೆ ಒಂದೂವರೆ ಗಂಟೆ ಅಲ್ಲೇ ಕೂತು ಹರಟಿದೆವು.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ನಾನು ಮೃದಂಗ ಬಿಟ್ಟಿದ್ದು ನಿಮಗೆಲ್ಲ ಗೊತ್ತು. ಯಾಕೆ ಅಂತ ಹೇಳಿರಲಿಲ್ಲ. ಹದಿನೇಳು ವರ್ಷ ಆಗ. ಒಂದು ಮದುವೆ ಆರತಕ್ಷತೆಯ ಕಚೇರಿ. ತನಿ ಆವರ್ತನ, ಅಂದರೆ ಮೃದಂಗದ ಸೋಲೋ, ನುಡಿಸುತ್ತಿದ್ದೆ. ಅದನ್ನು ಮುಗಿಸುವ ಲೆಕ್ಕದ ಜತಿ, ಕೋರ್ವೆಗೆ ಇನ್ನು ಸ್ವಲ್ಪವೇ ಬಾಕಿ. ಯಾರೋ ಮೈಕ್ ತೆಗೆದುಕೊಂಡು "ಎಲೆ ಹಾಕಿದೆ, ಎಲ್ಲರೂ ಊಟಕ್ಕೆ ಬನ್ನಿ" ಅಂದರು. ಗಾಯಕರು ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು. ನಿಲ್ಲಿಸಿದೆ. ಮೂರು ತಿಂಗಳು ಕಟ್ಟಿದ್ದ ಲೆಕ್ಕ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ಸೇರಲೇ ಇಲ್ಲ. ಮನೆಗೆ ಬಂದು ಅಮ್ಮನ ಹತ್ತಿರವೂ ಹೇಳಲಿಲ್ಲ.

ನಿನ್ನೆ ಟೀವಿ ಬಂದ್ ಆದಾಗ ಕೈ ಹಾಗೇ ತೊಡೆಯ ಮೇಲೆ ಎತ್ತಿಕೊಂಡಿತ್ತು.

ಆಲ್ಬಂನಲ್ಲಿ ಎಂಟು ಹಾಡು. 'ಷೋಫುಕಾನ್'ನಿಂದ ಶುರು, ಎಂಟನೆಯದು 'ಲಿಂಗಸ್'. ಏಳು ಹಾಡು ದಾಟಿ ಅಲ್ಲಿಗೆ ಬನ್ನಿ. ಬರುವ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಪೂರ್ತಿ ಹಾಕುತ್ತೇನೆ. ನಿನ್ನೆ ಇದ್ದ ಆರೂ ಜನಕ್ಕೆ ಹೇಳಿದ್ದೇನೆ. ನೀವೂ ಬನ್ನಿ. ಊಟ ಕೊನೇ ಹಾಡು ಮುಗಿದ ಮೇಲೆ.