ಹಗಲಿನಲ್ಲೂ ಆರದ ಜಾಣದೀಪ

ಕತ್ತಲಾದಾಗ ತಾನೇ ಹೊತ್ತಿ ಬೆಳಗಾದಾಗ ತಾನೇ ಆರಬೇಕಾದ ಸ್ಮಾರ್ಟ್ ಬೀದಿದೀಪ ನಮ್ಮೂರಿಗೆ ಬಂದ ಸುದ್ದಿಯನ್ನು ಶಿರಸಿ ಸೀಮೆಯ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ದೀಪ ಹೊತ್ತಿಸಲು ಒಂದು ಮೊಬೈಲಿನತ್ತ ಏಳು ಗಣ್ಯರು ಬೆರಳು ಚಾಚಿದ್ದ ಉದ್ಘಾಟನೆಯ ಫೋಟೋದಲ್ಲಿ ಬೆರಳುಗಳಿನ್ನೂ ಪರದೆಗೆ ತಾಗಿರಲಿಲ್ಲ. ಹಿಂದಿನ ಕಂಬದ ದೀಪ ಮಾತ್ರ ಮಟಮಟ ಮಧ್ಯಾಹ್ನದಲ್ಲಿ ಧಾರಾಳವಾಗಿ ಉರಿಯುತ್ತಿತ್ತು. ಅದು ತಾನಾಗಿಯೇ ಇಂದಿಗೂ ಆರಿಲ್ಲ. ದೇವಸ್ಥಾನದ ನಂದಾದೀಪಕ್ಕಾದರೂ ಎಣ್ಣೆ ಹೊಯ್ಯಲು ಒಬ್ಬರು ಬೇಕು.

ಕಂಬದ ಪೆಟ್ಟಿಗೆಯಲ್ಲಿರುವುದು ಅಂಗೈಗಿಂತ ಚಿಕ್ಕದಾದ ರಾಸ್ಪ್‌ಬೆರಿ ಪೈ ಕಂಪ್ಯೂಟರು. ಅದರ ಪಿನ್ನಿನಲ್ಲಿ ಬರುವುದು 3.3 ವೋಲ್ಟ್, ಬೀದಿಯ ತಂತಿಯಲ್ಲಿರುವುದು 230. ಇವೆರಡೂ ಮುಖಾಮುಖಿಯಾಗದಂತೆ ನಡುವೆ ನಿಂತು ವ್ಯವಹಾರ ಕುದುರಿಸುವ ದಲ್ಲಾಳಿಯೇ ಸಾಲಿಡ್ ಸ್ಟೇಟ್ ರಿಲೇ ಬೋರ್ಡು; ಒಳಗೆ ಪುಟ್ಟದೊಂದು ಎಲ್‌ಇಡಿ ಬೆಳಗಿದರೆ, ಆ ಬೆಳಕನ್ನು ಕಂಡು ಆಚೆ ಬದಿಯ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಕರೆಂಟಿಗೆ ದಾರಿ ಬಿಡುತ್ತದೆ. ಹಳೆಯ ರಿಲೇಯಂತೆ ಇದು ‘ಟಿಕ್’ ಎನ್ನುವುದಿಲ್ಲ. ಸದ್ದಿಲ್ಲದೆ ಕೆಲಸ ಮಾಡುವ ವಸ್ತುವೊಂದನ್ನು ನಮ್ಮ ಪಂಚಾಯತಿ ಇದೇ ಮೊದಲ ಸಲ ಖರೀದಿಸಿದೆಯೆಂದು ನಾನು ಮನಸಾರೆ ಅಭಿನಂದಿಸಿದ್ದೆ.

ಆದರೆ ಟ್ರಯಾಕ್ ಸಾಯುವಾಗ ಹೆಚ್ಚಾಗಿ ಬಾಗಿಲು ತೆರೆದಿಟ್ಟೇ ಸಾಯುತ್ತದೆ. ಆಮೇಲೆ ಕಂಪ್ಯೂಟರು ಎಷ್ಟೇ ಕೂಗಿಕೊಂಡರೂ ದೀಪ ಆರದು. ಹರಿಯುವ ಪ್ರತಿ ಆಂಪಿಯರಿಗೆ ಸುಮಾರು ಒಂದು ವ್ಯಾಟ್ ಶಾಖ ಹುಟ್ಟಿಸುವ ಈ ಬೋರ್ಡಿಗೆ ಇಡೀ ಬೀದಿಯ ಹೊರೆ ಹೊರಿಸಿ, ಶಾಖ ಹೊರಹಾಕುವ ಹೀಟ್‌ಸಿಂಕ್ ಇಲ್ಲದೆ ತಗಡಿನ ಡಬ್ಬದಲ್ಲಿ ಮುಚ್ಚಿಟ್ಟರೆ, ಬೋರ್ಡು ಬೆಂದು ಸಾಯುತ್ತದೆ; ಜಡಿಮಳೆಯಲ್ಲಿ ಬೆಚ್ಚಗಿರುವುದು ಒಳಗೆ ಮೊಟ್ಟೆಯಿಟ್ಟ ಹಲ್ಲಿ ಮಾತ್ರ. ಕೆಳಗಿನ ಕೇರಿಯ ಬೋರ್ಡು ಇನ್ನೂ ಜೀವಂತವಿದೆ. ಆರಿಸಿದ ಮೇಲೂ ಒಂದೆರಡು ಮಿಲಿಆಂಪಿಯರ್ ಸೋರುವುದು ಅದರ ಹುಟ್ಟುಗುಣವಾದ್ದರಿಂದ, ಅಲ್ಲಿನ ಬಲ್ಬುಗಳು ನಡುರಾತ್ರಿಯಲ್ಲಿ ಮಿಣುಕುಹುಳುಗಳಂತೆ ಮಿಣಮಿಣ ಎನ್ನುತ್ತವೆ; ಗುತ್ತಿಗೆದಾರರು ಅದನ್ನು ಹೆಚ್ಚುವರಿ ಸೌಲಭ್ಯವೆಂದು ವಿವರಿಸಿದ್ದಾರೆ.

ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳಲ್ಲಿ ತಲಾ 220 ಮೆಗಾವ್ಯಾಟ್, ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟು, ಇಷ್ಟಿದ್ದೂ ಆಷಾಢದಲ್ಲಿ ಒಂದು ಹಲಸಿನ ಟೊಂಗೆ ಮುರಿದು ಬಿದ್ದರೆ ನಮಗೆ ಎರಡು ದಿನ ಕತ್ತಲೆ. ಕರೆಂಟು ಮರಳಿದಾಗ ಪೆಟ್ಟಿಗೆಯ ಕಂಪ್ಯೂಟರಿಗೆ ಹೊತ್ತೆಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಬ್ಯಾಟರಿಯ ಗಡಿಯಾರ ಹಾಕಿಲ್ಲ. ಸಮಯವನ್ನು ಇಂಟರ್ನೆಟ್ಟಿನಲ್ಲಿ ಕೇಳಿ ತಿಳಿಯಬೇಕು, ನೆಟ್‌ವರ್ಕಿಗಾಗಿ ನಾವೇ ಗುಡ್ಡ ಹತ್ತುತ್ತೇವೆ. ಹಗಲಿರುಳಿನ ಲೆಕ್ಕ ಇಡಬೇಕಾದ ಯಂತ್ರವೇ ಹೀಗೆ ಹಗಲು ಯಾವುದು, ಇರುಳು ಯಾವುದು ಎಂದು ತಿಳಿಯದೆ ಕುಳಿತಿರುತ್ತದೆ.

ಇಷ್ಟಕ್ಕೆಲ್ಲ ನಕ್ಕು ಸುಮ್ಮನಿರಬಹುದಿತ್ತು. ಆದರೆ ಕಂಬದ ಬುಡದಲ್ಲಿದ್ದ ಮಾಮೂಲಿ ಸ್ವಿಚ್ಚನ್ನು ಏಕೆ ಕಿತ್ತರು? ಬೋರ್ಡು ಕೆಟ್ಟರೆ ಕೈಯಿಂದ ಆರಿಸಲು ಒಂದು ದಾರಿ ಇರಬೇಕೆಂಬುದು ಹೈಸ್ಕೂಲು ಹುಡುಗನಿಗೂ ಹೊಳೆಯುತ್ತದೆ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ವ್ಯವಸ್ಥೆ ಸ್ವಯಂಚಾಲಿತವಾಗಿದೆ’ ಎಂಬ ಒಂದೇ ಉತ್ತರ ಬಂತು. ಹಗಲಿಡೀ ಉರಿಯುವ ದೀಪದ ಬಿಲ್ಲನ್ನು ನಮ್ಮದೇ ತೆರಿಗೆಯಿಂದ ಕಟ್ಟುವವರಿಗೆ ನಾಚಿಕೆಯೂ ಇಲ್ಲ, ನಮಗೆ ಕೇಳಿ ಕೇಳಿ ಸಾಕಾಗಿದೆ.

ಕಳೆದ ವಾರದಿಂದ ನಮ್ಮ ವಾಟರ್‌ಮನ್ ಬೆಳಿಗ್ಗೆ ನೀರು ಬಿಟ್ಟ ಮೇಲೆ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಬದ ಫ್ಯೂಸು ಕಿತ್ತು ಜೇಬಿಗಿಳಿಸುತ್ತಾನೆ. ಸಂಜೆ ಬಂದು ಮತ್ತೆ ಸಿಕ್ಕಿಸುತ್ತಾನೆ. “ಏನು ಮಾರಾಯ, ಸ್ಮಾರ್ಟ್ ದೀಪ ಹ್ಯಾಂಗಿದ್ದು?” ಎಂದರೆ, “ನನ್ನ ಜೇಬಲ್ಲಿದ್ದು” ಎನ್ನುತ್ತಾನೆ.