ಲೆಕ್ಕ ಬರೆಯೋದಕ್ಕೆ ದುಡ್ಡು ಕೊಡ್ತೀನಿ, ಬಿಲ್ ಕಟ್ಟೋದಕ್ಕೆ ಕೊಡಲ್ಲ

ಶಿರಸಿ ಹತ್ರ ನಮ್ಮನೆ ಜಗಲಿ ಗೋಡೆಲಿ ಒಂದು ಸರಿಗೆ ನೇತಾಡ್ತಾ ಇದೆ, ಕೆಳಗಡೆ ಮರದ ಬಿಲ್ಲೆ, ಮೇಲೆ ತುದಿ ಕೊಕ್ಕೆ ಥರ ಬಗ್ಗಿಸಿದ್ದು. ಕರೆಂಟ್ ಬಿಲ್ಲು, ಫೋನ್ ಬಿಲ್ಲು, ಸೊಸೈಟಿ ಚೀಟಿ ಎಲ್ಲ ಅದಕ್ಕೇ ಚುಚ್ಚೋದು. ಅಪ್ಪಯ್ಯ ದುಡ್ಡು ಕಟ್ಟಿ ರಸೀದಿ ಕೈಗೆ ಬಂದಮೇಲೇ ಚುಚ್ತಿದ್ದ, ಹಿಂದ್ಗಡೆ ತಾರೀಕು ಬರ್ದು. ಈ ಸಲ ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗ ನೋಡಿದ್ರೆ ಆಯಿ ಸೊನ್ನೆ ಬಿಲ್ಲನ್ನೂ ಚುಚ್ಚಿಟ್ಟಿದಾಳೆ! 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮನೆ ಹೆಸ್ಕಾಂ ಬಿಲ್ಲು ಹೆಚ್ಚಿನ ತಿಂಗಳು ಸೊನ್ನೆನೇ, ಕಟ್ಟೋಕೆ ಏನೂ ಇಲ್ವಲ್ಲ ಆಯಿ ಅಂದ್ರೆ "ಎಷ್ಟು ಯೂನಿಟ್ ಸುಟ್ಟಿದ್ದು ಹೇಳಿ ಗೊತ್ತಾಗವಲ ತಮಾ" ಅಂದ್ಲು.

ಕಟ್ಟೋದು ಬೇರೆ, ಲೆಕ್ಕ ಇಡೋದು ಬೇರೆ ಅನ್ನೋ ಆ ಮಾತು ತಲೇಲಿ ಕೂತ್ಬಿಡ್ತು. ಯಾಕಂದ್ರೆ ನಾನು ಅಮೆರಿಕದಲ್ಲಿ ಬಳಸೋ ಫೈನಾನ್ಸ್ ಸಾಫ್ಟ್‌ವೇರಲ್ಲಿ, ಅಂದ್ರೆ ಮನೆ ಲೆಕ್ಕ ಇಡೋ ಸಾಫ್ಟ್‌ವೇರಲ್ಲಿ, ನಮ್ಮ ಬಿಲ್ಲನ್ನ ಅದೇ ಕಟ್ಟೋ ಬಿಲ್ ಪೇ ಅನ್ನೋ ಫೀಚರಿಗೆ ತಿಂಗಳು ತಿಂಗಳು ಬೇರೆ ದುಡ್ಡು ಕೊಡ್ತಾ ಇದ್ದೆ, ಮುಂದುವರ್ಸೋದಾ ಬಿಡೋದಾ ಅಂತ ಎರಡು ವರ್ಷದಿಂದ ಒದ್ದಾಡ್ತಾ ಇದ್ದೆ.

ಊರಲ್ಲಿರೋರಿಗೆ ಇದು ವಿಚಿತ್ರ ಅನ್ಸಬಹುದು. ಆಯಿ ಹಿತ್ಲ ಗೇಟಿನ ಹತ್ರ, ನೆಟ್‌ವರ್ಕ್ ಸಿಗೋ ಜಾಗದಲ್ಲಿ ನಿಂತು ಫೋನಲ್ಲೇ ಗ್ಯಾಸು, ಟೀವಿ ರೀಚಾರ್ಜು ಎಲ್ಲ ಮುಗಿಸ್ತಾಳೆ. ಯುಪಿಐ ಬಂದಿದ್ದು 2016ರಲ್ಲಿ, ಅದರ ಜೊತೆಗೆ ಭಾರತ್ ಬಿಲ್ ಪೇಮೆಂಟ್ ಸಿಸ್ಟಮ್ ಇರೋದ್ರಿಂದ ಯಾವ ಆಪ್ ತೆಗೆದ್ರೂ ಹೆಸ್ಕಾಂ ಸಿಗತ್ತೆ, ದುಡ್ಡು ಆ ಕ್ಷಣಕ್ಕೇ ಹೋಗತ್ತೆ. ಈಗೀಗ ಕೆಲವು ಆಪ್‌ನೋರು ರೀಚಾರ್ಜಿಗೆ ಒಂದೆರಡು ರೂಪಾಯಿ ಪ್ಲಾಟ್‌ಫಾರ್ಮ್ ಫೀ ಹಾಕ್ತಾರೆ, ಅದಕ್ಕೇ ಆಯಿ ಬೈತಾಳೆ, ಬೈಯೋದು ಸರಿನೇ.

ಅಮೆರಿಕದಲ್ಲಿ ಇನ್ನೂ ಚೆಕ್ ನಡೆಯತ್ತೆ. ಸಾಫ್ಟ್‌ವೇರಿನ ಬಿಲ್ ಪೇ ಸಾಮಾನ್ಯವಾಗಿ ಎರಡು ಥರ ಕೆಲಸ ಮಾಡತ್ತೆ: ಕರೆಂಟ್, ಕ್ರೆಡಿಟ್ ಕಾರ್ಡ್‌ನಂಥ ದೊಡ್ಡ ಕಂಪನಿ ಆದ್ರೆ ಆನ್‌ಲೈನಲ್ಲೇ ಕಟ್ಟತ್ತೆ, ಅದಕ್ಕೆ ಹಲವು ಕಡೆ ಆ ಕಂಪನಿ ಸೈಟಿಂದು ನಮ್ಮ ಲಾಗಿನ್ ಪಾಸ್‌ವರ್ಡ್ ಕೊಡಬೇಕು, ಅವರು ಸೈಟ್ ಬದಲಾಯ್ಸಿದ್ರೆ ಅಥವಾ ಓಟಿಪಿ ಇಟ್ರೆ ಲಿಂಕ್ ಕಡಿದುಹೋಗತ್ತೆ. ಇಲ್ದಿದ್ರೆ ಎಲ್ಲೋ ಒಂದ್ಕಡೆ ನಮ್ಮ ಹೆಸರಲ್ಲಿ ಕಾಗದದ ಚೆಕ್ ಪ್ರಿಂಟ್ ಮಾಡಿ ಅಂಚೆಗೆ ಹಾಕ್ತಾರೆ. ಅಷ್ಟೇ. ಹೆಚ್ಚಿನ ದೊಡ್ಡ ಬ್ಯಾಂಕುಗಳು ಇದೇ ಕೆಲಸನ ತಮ್ಮ ವೆಬ್‌ಸೈಟಲ್ಲಿ ಪುಕ್ಕಟೆ ಮಾಡಿಕೊಡ್ತವೆ, ಕಂಪನಿಗಳ ಆಟೋಪೇನೂ ಪುಕ್ಕಟೆನೇ.

ನಂಗೆ ಪೆಟ್ಟು ಬಿದ್ದಿದ್ದು ಬಾಡಿಗೆಲಿ. 28ನೇ ತಾರೀಕೇ ಶೆಡ್ಯೂಲ್ ಮಾಡಿಟ್ಟಿದ್ದೆ, ಸಾಫ್ಟ್‌ವೇರಲ್ಲಿ ಹಸಿರು ಟಿಕ್ ಬಂದು 'ಪಾವತಿಯಾಗಿದೆ' ಅಂತ ತೋರಿಸ್ತು, ನಾನು ನಿಶ್ಚಿಂತೆಯಾಗಿ ಇದ್ದೆ. ಚೆಕ್ ಮನೆ ಓನರಿಗೆ ಮುಟ್ಟಿದ್ದು ಮುಂದಿನ ತಿಂಗಳ 7ಕ್ಕೆ. ಐವತ್ತು ಡಾಲರ್ ಲೇಟ್ ಫೀ ನಾನೇ ಕಟ್ಟಿದೆ. ಕೇಳಿದ್ರೆ ಸಾಫ್ಟ್‌ವೇರಿನೋರು ಅಂಚೆ ಮೇಲೆ ಹಾಕಿದ್ರು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಆ ಟಿಕ್ ನೋಡಿ. ಕಳಿಸಿದ್ದನ್ನ ಕಟ್ಟಿದ್ದು ಅಂತ ಬರ್ಕೊಂಡಿತ್ತು ಅದು. ಅಪ್ಪಯ್ಯ ರಸೀದಿ ಬರದೇ ಸರಿಗೆಗೆ ಚುಚ್ತಿರ್ಲಿಲ್ಲ. ಕಟ್ಟೋನೇ ಲೆಕ್ಕನೂ ಬರೆದ್ರೆ ತಪ್ಪು ಹಿಡಿಯೋರು ಯಾರು?

ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಹತ್ತು ಡಾಲರ್ ಫೀ ಅಂತಿಟ್ಕೊಂಡ್ರೆ ವರ್ಷಕ್ಕೆ 120. 2025ರ ಜುಲೈನಲ್ಲಿ ಒಂದು ಲಕೋಟೆ ಸ್ಟ್ಯಾಂಪಿಗೆ 78 ಸೆಂಟ್ ಆಯ್ತು, ಆ ರೇಟಲ್ಲಿ ಆ ದುಡ್ಡಿಗೆ 150ಕ್ಕೂ ಹೆಚ್ಚು ಸ್ಟ್ಯಾಂಪ್ ಬರತ್ತೆ. ನಾನು ತಿಂಗಳಿಗೆ ಕಳಿಸೋದು ಎರಡೇ ಚೆಕ್ಕು, ಕೈಯಾರೆ ಬರ್ದು ಹಾಕಿದ್ರೂ ಅದೇ ರೇಟಲ್ಲಿ ವರ್ಷಕ್ಕೆ ಸ್ಟ್ಯಾಂಪಿಗೆ 19 ಡಾಲರ್ ಒಳಗೇ ಮುಗಿಯತ್ತೆ.

ಎಲ್ಲರಿಗೂ ಬೇಡ ಅಂತಲ್ಲ. ನನ್ನ ಕುಮಟಾ ಕಡೆ ಗೆಳೆಯ ಒಬ್ಬ ಮೂರು ಮನೆ ಬಾಡಿಗೆಗೆ ಕೊಟ್ಟಿದಾನೆ, ಪ್ಲಂಬರು, ಹುಲ್ಲು ಕತ್ತರಿಸೋನು, ಟ್ಯಾಕ್ಸು ಅಂತ ತಿಂಗಳಿಗೆ ಹದಿನೈದು ಇಪ್ಪತ್ತು ಪೇಮೆಂಟು, ಯಾವುದು ಯಾವ ಮನೆ ಖರ್ಚು ಅಂತ ಆಗಿಂದಾಗ್ಲೇ ವಿಂಗಡ ಆಗಬೇಕು, ಅವನಿಗೆ ಆ ಫೀ ದಂಡ ಅಲ್ಲ. ಆದ್ರೆ ಅವನೂ ವಾರಕ್ಕೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡ್ತಾನೆ. ನೀವು ತಗೊಳೋದಾದ್ರೆ ಒಂದು ವಿಷಯ ಮೊದಲೇ ಕೇಳ್ಕೊಳ್ಳಿ, ಚೆಕ್ ಕಳಿಸಿದ ದಿನವೇ ದುಡ್ಡು ಹಿಡೀತಾರಾ ಅಥವಾ ಚೆಕ್ ಕ್ಯಾಶ್ ಆದಾಗಲಾ ಅಂತ, ಒಂದೊಂದು ಕಡೆ ಒಂದೊಂದು ಥರ ಇದೆ.

ಊರಿನ ವ್ಯವಸ್ಥೆಲಿ ನಂಗೆ ತುಂಬಾ ಹಿಡಿಸಿದ್ದು ರಿಸರ್ವ್ ಬ್ಯಾಂಕಿನ ನಿಯಮ, ಕಾರ್ಡಿಂದ ಆಟೋ ಪೇಮೆಂಟ್ ಹೋಗೋದಿದ್ರೆ 24 ಗಂಟೆ ಮೊದಲೇ ಮೆಸೇಜ್ ಬರಬೇಕು. ನಂಗೆ ಸಾಫ್ಟ್‌ವೇರಿಂದ ಬೇಕಾಗಿದ್ದೂ ಅದೇ, ನಾಳೆ ಇಷ್ಟು ಕಟ್ಟೋದಿದೆ, ಅಕೌಂಟಲ್ಲಿ ಇಷ್ಟಿದೆ ಅಂತ ಹೇಳ್ಲಿ, ಲೆಕ್ಕ ಚೆಂದ ಇಡ್ಲಿ. ಅದಕ್ಕೆ ವರ್ಷದ ಚಂದಾ ಖುಷಿಯಿಂದ ಕೊಡ್ತೀನಿ.

ಊರಿಂದ ವಾಪಸ್ ಬಂದ ವಾರವೇ ಬಿಲ್ ಪೇ ನಿಲ್ಲಿಸ್ದೆ. ಕರೆಂಟು, ಫೋನು, ಇನ್ಶೂರೆನ್ಸ್ ಆಟೋಪೇಗೆ ಹೋಯ್ತು, ಬಾಡಿಗೆ ಬ್ಯಾಂಕಿನ ಪುಕ್ಕಟೆ ಬಿಲ್ ಪೇಗೆ, ಅದೂ ಹತ್ತು ದಿನ ಮೊದಲೇ. ಮಗಳ ಭರತನಾಟ್ಯ ಕ್ಲಾಸಿನ ಚೆಕ್ ಮಾತ್ರ ಕೈಯಲ್ಲೇ ಬರೀತೀನಿ, ಟೀಚರ್ ಕೈಗೇ ಕೊಟ್ಟು ಮನೆಗೆ ಬಂದಮೇಲೆ ತಾರೀಕು ಬರ್ಕೊಳ್ತೀನಿ.